ಲೋನ್ ತೀರ್ತು, ಮಷೀನ್‌ಗಳು ನಮ್ದಾದ್ವು, ಎಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ, ಪ್ರಭುವಿಗೆ ಸ್ತೋತ್ರ. ಲಾಕ್‌ಡೌನ್ ಆದ್ಮೇಲೆ ನಮ್ಮ ಸ್ಕೂಲ್ ಯೂನಿಫಾರಂ ಹೊಲಿಗೆ ಯೂನಿಟ್ ಉಳಿಸ್ಕೊಳ್ಳೋಕೆ ತಗೊಂಡಿದ್ದ ಬ್ಯಾಂಕ್ ಲೋನ್ ಈ ಏಪ್ರಿಲ್‌ಗೆ ಪೂರ್ತಿ ತೀರ್ತು. ಲೆಟರ್ ಕೈಗೆ ಬಂದಿದೆ. ಓವರ್‌ಲಾಕ್ ಮಷೀನಿಂದ ಹಿಡ್ದು ಐರನ್ ಬಾಕ್ಸ್ ವರ್ಗೂ ಈಗ ಎಲ್ಲಾ ನಮ್ದೇ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂತ ಶುರು ಮಾಡ್ದೆ, ಮಾತಾಡೋಕೆ ಮುಂಚೆನೇ ಅಳು ಬರುತ್ತೆ, ಅದಕ್ಕೇ ಬರೆದು ಹಾಕ್ತಿದೀನಿ.

ಹಳಬರಿಗೆ ಗೊತ್ತು, ನಾನು ಗಾರ್ಮೆಂಟ್ಸಲ್ಲಿ ಲೈನಲ್ಲಿ ಕೂತು ಕಾಲರ್ ಹೊಲೀತಿದ್ದವಳು. 2016ರಲ್ಲಿ ಪಿಎಫ್ ರೂಲ್ಸ್ ಬದಲಾಯಿಸಿ, ಕಂಪನಿ ಕಟ್ಟಿದ ಪಾಲನ್ನ 58 ವರ್ಷ ತುಂಬೋವರ್ಗೂ ತೆಗೆಯಂಗಿಲ್ಲ ಅಂದ್ರಲ್ಲ, ಆವಾಗ ಏಪ್ರಿಲ್ 18, 19ನೇ ತಾರೀಕು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸ್ರು ಸಾವಿರಾರು ಜನ ಕೆಲಸ ಬಿಟ್ಟು ರೋಡಿಗೆ ಇಳಿದ್ರು, ಎರಡನೇ ದಿನನೇ ಕೇಂದ್ರ ಸರ್ಕಾರ ಆ ರೂಲ್ ವಾಪಸ್ ತಗೊಳ್ತು. ನಾನು ಆಮೇಲೆ ಕೆಲಸ ಬಿಟ್ಟಾಗ ಬಂದ ಆ ಪಿಎಫ್ ದುಡ್ಡೇ ಈ ಯೂನಿಟ್‌ಗೆ ಮೊದಲನೇ ಬಂಡವಾಳ. ಅದಕ್ಕೇ ಮೊದಲನೇ ಥ್ಯಾಂಕ್ಸ್ ಅವತ್ತು ಬಿಸಿಲಲ್ಲಿ ನಿಂತ ಅಷ್ಟೂ ಅಕ್ಕತಂಗೀರಿಗೆ, ಮುಕ್ಕಾಲು ಪಾಲು ಜನರ ಹೆಸರೂ ನನಗೆ ಗೊತ್ತಿಲ್ಲ.

ಎರಡನೇದು ನಮ್ಮ ಕಿರುಕ್ರೈಸ್ತ ಸಮುದಾಯಕ್ಕೆ (ಅಕ್ಕಪಕ್ಕದ ಮನೆಯವರು ಸೇರೋ ಪ್ರಾರ್ಥನೆ ಗುಂಪು), ಆವಾಗ ನಮ್ಮ ಚರ್ಚಲ್ಲಿದ್ದ ಫಾದರ್‌ಗೆ. ಅವ್ರು ಜಪಮಾಲೆ ಮುಗಿದ ಮೇಲೆ ಯಾರದ್ದಾದ್ರೂ ಮನೇಲಿ ಕೂರಿಸಿ, ಪೋಪ್ ಹದಿಮೂರನೇ ಲಿಯೋ ಅವರು 1891ರ ಮೇ 15ಕ್ಕೆ ಕಾರ್ಮಿಕರ ಬಗ್ಗೆ ಬರೆದ ರೇರುಂ ನೊವಾರುಂ ಅನ್ನೋ ಪತ್ರನ ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ಹೇಳೋರು. (ಈಗಿನ ಪೋಪ್ ಲಿಯೋ 2025ರಲ್ಲಿ ಆಯ್ಕೆಯಾದಾಗ ಆ ಹೆಸರು ಆರಿಸ್ಕೊಂಡಿದ್ದೂ ಮುಖ್ಯವಾಗಿ ಇದೇ ಪತ್ರದ ನೆನಪಿಗೆ.) ಅದರಲ್ಲಿ ಒಂದು ಮಾತಿದೆ, ಕೆಲಸ ಕೊಡೋನೂ ಕೆಲಸ ಮಾಡೋನೂ ಇಬ್ರೂ ಒಪ್ಪಿ ಕೂಲಿ ನಿಗದಿ ಮಾಡ್ಕೊಂಡ್ರೂ ಅದು ಮಿತವಾಗಿ, ಮರ್ಯಾದೆಯಿಂದ ಬದುಕೋ ಕೆಲಸಗಾರನ ಜೀವನಕ್ಕೆ ಸಾಲಲ್ಲ ಅಂದ್ರೆ ಅದು ನ್ಯಾಯದ ಕೂಲಿ ಅಲ್ಲ, ಕಷ್ಟಕ್ಕೆ ಸಿಕ್ಕಿ ಅಥವಾ ಭಯಕ್ಕೆ ಒಪ್ಕೊಂಡ್ರೆ ಅದು ಬಲವಂತನೇ ಅಂತ. ಲೈನಲ್ಲಿ ಕೂತು ಹೊಲಿದವಳಿಗೆ ಇದನ್ನ ಯಾರೂ ವಿವರಿಸಬೇಕಾಗಿಲ್ಲ. ಬೈಬಲ್‌ನ ಧರ್ಮೋಪದೇಶಕಾಂಡದಲ್ಲಿ ಸೂರ್ಯ ಮುಳುಗೋಕೆ ಮುಂಚೆ ಕೂಲಿ ಕೊಡು ಅಂತ ಇದೆ, ಯಾಕೋಬನ ಪತ್ರದಲ್ಲಿ ತಡೆ ಹಿಡಿದ ಕೂಲಿನೇ ದೇವರಿಗೆ ಕೇಳೋ ಹಾಗೆ ಕೂಗುತ್ತೆ ಅಂತ ಇದೆ. ಫಾದರ್ ಹೇಳ್ತಿದ್ರು, ಕೊಡಬೇಕಾದ ಕೂಲಿ ಪೂರ್ತಿ ಕೊಟ್ಟ ಮೇಲೇನಮ್ಮ ದಾನದ ಮಾತು. ಅವತ್ತಿಂದ ನಮ್ಮಲ್ಲಿ ಶನಿವಾರ ಹೊತ್ತು ಮುಳುಗೋಕೆ ಮುಂಚೆ ವಾರದ ದುಡ್ಡು ಕೈಗೆ ಸೇರಬೇಕು, ಆರ್ಡರ್ ಕೊಟ್ಟವ್ರ ಪೇಮೆಂಟ್ ಬಂದಿರ್ಲಿ ಬಿಡ್ಲಿ.

ಇನ್ನು ನಮ್ಮ ಯೂನಿಟ್‌ನೋರು. ಇವ್ರಿಗೆ ಹೆಂಗೆ ಥ್ಯಾಂಕ್ಸ್ ಹೇಳ್ಲಿ, ಯೂನಿಟ್ ಅಂದ್ರೆ ಇವ್ರೇ ಅಲ್ವಾ. ಪೀಸ್ ರೇಟ್ ಎಷ್ಟು ಅನ್ನೋದನ್ನ ನಾನೊಬ್ಬಳೇ ಹೇಳಲ್ಲ, ಸೀಸನ್‌ಗೆ ಮುಂಚೆ ಎಲ್ಲಾ ಕೂತು ಒಂದು ಶರ್ಟ್, ಒಂದು ಪ್ಯಾಂಟ್ ಹೊಲಿಯೋಕೆ ಎಷ್ಟೊತ್ತು ಹಿಡಿಯುತ್ತೆ, ಕಾಜಾ ಬಟನ್‌ಗೆ ಎಷ್ಟು, ಚೆಕಿಂಗ್‌ಗೆ ಎಷ್ಟು ಅಂತ ಲೆಕ್ಕ ಹಾಕಿ ಅವ್ರೇ ಹೇಳ್ತಾರೆ, ಆಮೇಲೆ ಸ್ಕೂಲ್‌ನೋರಿಗೆ ನಾನು ರೇಟ್ ಕೊಡೋದು. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಹತ್ತು ಗಂಟೆಗೆ ಬರ್ತೀವಿ ಅಂತ ಟೈಮಿಂಗ್ ಇಟ್ಟಿದ್ದೂ ಅವ್ರೇ. ಚಿಕ್ಕವರು ತಾವೇ ಮಾಡ್ಕೋಬಲ್ಲ ಕೆಲಸನ ದೊಡ್ಡವರು ಕಿತ್ಕೊಳ್ಳೋದು ಅನ್ಯಾಯ ಅಂತ 1931ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಬರೆದಿದ್ದಾರಂತೆ, ನಮ್ಮಲ್ಲಿ ಅದು ರೇಟ್ ಬರೆಯೋ ನೋಟ್‌ಬುಕ್ಕಲ್ಲಿ ಇದೆ.

ಲಾಕ್‌ಡೌನ್ ವಿಷ್ಯ ಹೇಳ್ದೆ ಇರೋಕಾಗಲ್ಲ. 2020 ಮಾರ್ಚ್ ಅಂದ್ರೆ ಯೂನಿಫಾರಂ ಸೀಸನ್ ಶುರು ಆಗೋ ಹೊತ್ತು, ಬಟ್ಟೆ ಕಟಿಂಗ್ ಆಗಿ ಬಂಡಲ್ ಕಟ್ಟಿಟ್ಟಿದ್ವಿ, ಸ್ಕೂಲುಗಳು ಮುಚ್ಚಿದ್ವು, ಆರ್ಡರ್ ನಿಂತ್ವು, ಬರಬೇಕಾದ ದುಡ್ಡೂ ಕೆಲವು ಕಡೆ ಬರ್ಲಿಲ್ಲ, ಮುಂದಿನ ವರ್ಷದ ಸೀಸನ್ನೂ ಹೋಯ್ತು. ಮಾಸ್ಕ್ ಹೊಲಿದ್ವಿ, ಅದರಿಂದ ಬಂದಿದ್ದು ಬಾಡಿಗೆಗೇ ಸರಿ. ಕೈಯಲ್ಲಿ ಉಳಿದಿದ್ದ ದುಡ್ಡನ್ನ ಹೆಂಗೆ ಹಂಚೋದು ಅಂತ ಕೇಳ್ದಾಗ, ಸಮನಾಗಿ ಬೇಡ, ಯಾರ ಮನೇಲಿ ದುಡಿಯೋರು ಇನ್ನೊಬ್ರಿಲ್ವೋ ಅವ್ರಿಗೆ ಮೊದಲು ಅಂತ ಹೇಳಿದ್ದು ಇದೇ ಹೆಂಗಸ್ರು. ನಮ್ಮ ಕಟಿಂಗ್ ಮಾಸ್ಟರ್ ಅಣ್ಣ, ನನ್ನ ಮಗ ದುಡೀತಾನಮ್ಮ, ನನ್ನ ಪಾಲು ಗಂಡ ಇಲ್ದಿರೋ ಆ ಹುಡುಗಿಗೆ ಸೇರಿಸು ಅಂದ್ರು, ಮತ್ತೆ ಆ ಮಾತೇ ಎತ್ತಲಿಲ್ಲ. ಅಣ್ಣ, ನೀವು ಇದನ್ನ ಓದಿ ಬೈತೀರ ಅಂತ ಗೊತ್ತು, ಆದ್ರೂ ಬರೆದಿದೀನಿ.

ನಮಗೆ ಬಟ್ಟೆ ಕೊಡೋ ಚಿಕ್ಕಪೇಟೆ ಭಾಯ್‌ಗೆ ಕೈ ಮುಗೀತೀನಿ. ಹಳೇ ಬಾಕಿ ಇದ್ರೂ ಥಾನುಗಟ್ಲೆ ಬಟ್ಟೆ ಕಳ್ಸಿ, ಸ್ಕೂಲ್ ಓಪನ್ ಆಗ್ಲಿ ಅಕ್ಕ, ಆಮೇಲೆ ನೋಡೋಣ ಅಂದ್ರು, ಒಂದು ಚೀಟಿ ಕೂಡ ಬರೆಸ್ಕೊಳ್ಳಲಿಲ್ಲ. 2020ರ ಅಕ್ಟೋಬರಲ್ಲಿ ಪೋಪ್ ಫ್ರಾನ್ಸಿಸ್ ಅವರ ಫ್ರಾತೆಲ್ಲಿ ತೂತ್ತಿ ಪತ್ರ ಬಂತು, ದಾರೀಲಿ ಬಿದ್ದಿದ್ದವನನ್ನ ಎತ್ತಿ ಕಾಪಾಡಿದ ಸಮಾರ್ಯದವನ ಕತೆ ಮೇಲೆ ಬರೆದಿದ್ದು, ಫಾದರ್ ವಾಟ್ಸಾಪಲ್ಲಿ ಅದರ ಬಗ್ಗೆ ವಾಯ್ಸ್ ಮೆಸೇಜ್ ಕಳ್ಸಿದ್ರು. ಕೇಳ್ತಾ ಇದ್ರೆ ನನಗೆ ಭಾಯ್ ಮುಖನೇ ಕಣ್ಮುಂದೆ ಬಂತು.

ಕೆಲಸ ಮತ್ತೆ ಹತ್ಕೊಂಡ ಮೇಲೆ ಜನ ಜಾಸ್ತಿ ಆದ್ರು. ಹತ್ತು ಜನ ಆದ್ರೆ ಇಎಸ್ಐ (ಕೆಲಸಗಾರರ ಆರೋಗ್ಯ ವಿಮೆ) ಕಟ್ಟಬೇಕು, ಒಂಬತ್ತಕ್ಕೇ ನಿಲ್ಲಿಸು, ಮಿಕ್ಕಿದವ್ರನ್ನ ಪುಸ್ತಕದಲ್ಲಿ ತೋರಿಸಬೇಡ ಅಂತ ಸಲಹೆ ಕೊಟ್ಟೋರಿದ್ರು. ನಾವು ಎಲ್ಲರ ಹೆಸರೂ ಬರೆದ್ವಿ. ಸಂಬಳದ ಮೇಲೆ ನಮ್ಮ ಪಾಲು 3.25 ಪರ್ಸೆಂಟ್, ಅವ್ರದ್ದು 0.75, ಅಷ್ಟಕ್ಕೆ ಇಡೀ ಸಂಸಾರಕ್ಕೆ ಆಸ್ಪತ್ರೆ ಇದೆ. ಹೋದ ವರ್ಷ ನಮ್ಮ ಒಬ್ಬ ಟೈಲರ್ ಅಕ್ಕನ ಗಂಡನಿಗೆ ರಾಜಾಜಿನಗರ ಇಎಸ್ಐ ಆಸ್ಪತ್ರೇಲಿ ಆಪರೇಷನ್ ಆಯ್ತು, ಅಕ್ಕ ಓಲೆ ಅಡ ಇಡೋ ಪರಿಸ್ಥಿತಿ ಬರ್ಲಿಲ್ಲ. ಇದರ ಪೇಪರ್ ಕೆಲಸ ಎಲ್ಲಾ ದುಡ್ಡು ಇಸ್ಕೊಳ್ಳದೆ ಮಾಡ್ಕೊಟ್ಟ ನಮ್ಮ ಚರ್ಚಿನ ಅಕೌಂಟೆಂಟ್ ಹುಡುಗಿಗೆ ಥ್ಯಾಂಕ್ಸ್ ಕಂದಾ.

ಮೇ ತಿಂಗಳ ರಶ್ಶಲ್ಲೂ ಭಾನುವಾರ ಮಷೀನ್ ಓಡಿಸಲ್ಲ ಅಂತ ನಾವು ಹಟ ಹಿಡಿದ್ರೆ ಬೇಜಾರು ಮಾಡ್ಕೊಳ್ಳದೆ ಡೆಲಿವರಿ ಡೇಟ್ ಮುಂದೆ ಹಾಕಿದ ಸ್ಕೂಲುಗಳಿಗೂ ಥ್ಯಾಂಕ್ಸ್. ನಮ್ಮಲ್ಲಿ ಚರ್ಚಿಗೆ ಭಾನುವಾರದ ಪೂಜೆಗೆ ಹೋಗೋರು ಕೆಲವರೇ, ಆದ್ರೆ ಬಟ್ಟೆ ಒಗೆಯೋಕೆ, ತಾಯಿ ಮನೆಗೆ ಹೋಗೋಕೆ, ಸುಮ್ನೆ ಮಲಗೋಕೆ ಎಲ್ಲರಿಗೂ ಒಂದು ದಿನ ಬೇಕು. ಒಬ್ರು ಸಿಸ್ಟರ್, ಹೆಡ್‌ಮಿಸ್ಟ್ರೆಸ್ ಅವ್ರು, ಕೊಟೇಶನ್ ನೋಡಿ ಮೊದಲು ಕೇಳಿದ್ದೇ ಇದ್ರಲ್ಲಿ ಹೊಲಿದವರಿಗೆ ಎಷ್ಟು ಹೋಗುತ್ತಮ್ಮ ಅಂತ. ನಮ್ಮ ಸಂಸ್ಥೆಗಳು ಎಲ್ಲಾ ಹೀಗೆ ಕೇಳ್ಬೇಕು ಅಂತ ನನಗೆ ತುಂಬಾ ಆಸೆ. ಸ್ಕೂಲು, ಹಾಸ್ಟೆಲ್ಲು, ಆಸ್ಪತ್ರೆ ಅಂತ ನಮ್ಮ ಕ್ರೈಸ್ತ ಧರ್ಮಸಭೆಯ ಕೈಯಲ್ಲಿ ಎಷ್ಟೊಂದು ಇದೆ, ಹೌಸ್‌ಕೀಪಿಂಗು, ಸೆಕ್ಯೂರಿಟಿ, ಯೂನಿಫಾರಂ ಎಲ್ಲದಕ್ಕೂ ಕಮ್ಮಿ ರೇಟ್ ಕೊಟ್ಟವ್ರನ್ನ ಮಾತ್ರ ಆರಿಸಿದ್ರೆ ಆ ಕಮ್ಮಿ ಆಗಿದ್ದು ಯಾರ ತಟ್ಟೆಯಿಂದ ಅಂತ ದಯವಿಟ್ಟು ನೋಡಿ. ಥ್ಯಾಂಕ್ಸ್ ಹೇಳೋ ಹೊತ್ತಲ್ಲಿ ಇದೇನು ಅನ್ನಬೇಡಿ, ಆ ಸಿಸ್ಟರ್ ಕೇಳಿದ್ದಕ್ಕೇ ನಮಗೆ ಸರಿಯಾದ ರೇಟ್ ಸಿಕ್ಕಿದ್ದು, ಲೋನ್ ಕಂತು ಒಂದೂ ತಪ್ಪದೆ ಕಟ್ಟೋಕೆ ಆಗಿದ್ದು.

ನಮ್ಮ ಯಜಮಾನ್ರಿಗೆ, ಅತ್ತೆಗೆ, ಡೆಲಿವರಿ ಆಟೋ ಅಣ್ಣನಿಗೆ, ಚಿಂದಿ ಬಟ್ಟೇಲಿ ಬ್ಯಾಗ್ ಹೊಲಿಯೋಕೆ ಕಲ್ತ ಪಕ್ಕದ ಬೀದಿ ಹುಡುಗೀರಿಗೆ ಎಲ್ಲರಿಗೂ ಥ್ಯಾಂಕ್ಸ್.

ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ, 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರು ಕಾರ್ಮಿಕರ ದಿನಕ್ಕೇ ಈ ಹಬ್ಬ ಇಟ್ರು. ಆಯುಧಪೂಜೆಗೆ ನಮ್ಮ ಅಕ್ಕಂದಿರು ಮಷೀನ್‌ಗೆ ಕುಂಕುಮ ಇಟ್ಟು ಪೂಜೆ ಮಾಡ್ತಾರೆ, ಮೇ 1ಕ್ಕೆ ಫಾದರ್ ಬಂದು ಆಶೀರ್ವಾದ ಮಾಡ್ತಾರೆ, ಎರಡಕ್ಕೂ ಎಲ್ಲರೂ ಇರ್ತೀವಿ. ಈ ಸಲ ಮಧ್ಯಾಹ್ನ ಯೂನಿಟ್‌ನಲ್ಲೇ ಊಟ, ಸಸ್ಯಾಹಾರದೋರಿಗೆ ಬೇರೆ ಅಡುಗೆ ಇರುತ್ತೆ. ಮೇಲೆ ಹೇಳಿರೋ ಎಲ್ಲರೂ ಮನೆಯವರ ಜೊತೆ ಬನ್ನಿ, ಹಿಂದಿನ ದಿನ ಒಂದು ಮೆಸೇಜ್ ಹಾಕಿ, ಅಕ್ಕಿ ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ಬೇಕಲ್ಲ.