‘ವಿದೌಟ್ ಯು’ ಬರೆದವ್ರ ಹೆಸರೂ ಹಾಕಿ ಮಾರಾಯ್ರೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪುರವಣಿಲಿ ಇಂಗ್ಲಿಷ್ ಪ್ರೇಮಗೀತೆಗಳ ಬಗ್ಗೆ ಬಂದಿದ್ದನ್ನ ಓದ್ದೆ. ಕನ್ನಡ ಪೇಪರ್ರಲ್ಲಿ ಇಂಥದ್ದಕ್ಕೆ ಅರ್ಧ ಪುಟ ಕೊಟ್ರಲ್ಲ, ಅದಕ್ಕೆ ಮೊದ್ಲು ಥ್ಯಾಂಕ್ಸ್. ಆದ್ರೆ ‘ವಿದೌಟ್ ಯು’ (ನೀನಿಲ್ದೆ) ಅಮೆರಿಕಾದ ಗಾಯಕಿ ಮರಾಯಾ ಕ್ಯಾರಿ ಹಾಡು ಅಂತ ಬರೆದು, ಫೋಟೋನೂ ಅವಳದ್ದೇ ಹಾಕಿ ಮುಗಿಸಿಬಿಟ್ಟಿದ್ದೀರಿ. ಸ್ವಲ್ಪ ಹಳೇ ತಲೆಮಾರಿನವ್ರನ್ನ ಕೇಳಿದ್ರೆ ಅದು ಅಮೆರಿಕಾದವನೇ ಆದ ಗಾಯಕ ಹ್ಯಾರಿ ನಿಲ್ಸನ್ ಹಾಡು ಅಂತಾರೆ. ಇಬ್ರೂ ಹಾಡಿದ್ದು ಹೌದು, ಬರೆದಿದ್ದು ಮಾತ್ರ ಇಬ್ರೂ ಅಲ್ಲ.

ಬರೆದವ್ರು ಬ್ಯಾಡ್‌ಫಿಂಗರ್ ಅನ್ನೋ ಬ್ಯಾಂಡಿನ ಪೀಟ್ ಹ್ಯಾಮ್ ಮತ್ತು ಟಾಮ್ ಇವಾನ್ಸ್. ಹ್ಯಾಮ್ ವೇಲ್ಸ್‌ನ ಸ್ವಾನ್ಸಿಯವನು, ಇವಾನ್ಸ್ ಲಿವರ್‌ಪೂಲ್‌ನವನು, ಬ್ಯಾಂಡ್ ಇದ್ದಿದ್ದು ಬೀಟಲ್ಸ್‌ನವ್ರ ಸ್ವಂತ ಕಂಪನಿ ಆಪಲ್ ರೆಕಾರ್ಡ್ಸ್‌ನಲ್ಲಿ. ಹಾಡು ಹುಟ್ಟಿದ್ದೇ ಎರಡು ತುಂಡು ಜೋಡಿಸಿ. ಹ್ಯಾಮ್ ಹತ್ರ ಒಂದು ಹಾಡಿತ್ತು, ಚರಣ ಎಲ್ಲ ಚೆನ್ನಾಗಿದೆ ಆದ್ರೆ ಪಲ್ಲವಿಗೆ ದಮ್ಮಿಲ್ಲ, ಇವಾನ್ಸ್ ಹತ್ರ ಒಳ್ಳೆ ಪಲ್ಲವಿ ಇತ್ತು, ಅದಕ್ಕೆ ಸರಿಯಾದ ಚರಣ ಇಲ್ಲ, ಎರಡನ್ನೂ ಸೇರಿಸಿ 1970ರ ‘ನೋ ಡೈಸ್’ ಆಲ್ಬಮ್ಮಿಗೆ ಹಾಕಿದ್ರು. ಈಗ್ಲೂ ಗಮನ ಇಟ್ಟು ಕೇಳಿದ್ರೆ ಆ ಜೋಡಣೆ ಗೊತ್ತಾಗತ್ತೆ: ಚರಣದಲ್ಲಿ ಸುಮ್ನೆ ತನ್ನಷ್ಟಕ್ಕೆ ಮಾತಾಡ್ಕೊಂಡಂಗೆ ಇರ್ತದೆ, ಪಲ್ಲವಿ ಬಂದ ಕೂಡ್ಲೆ ಬೇರೆ ಯಾರೋ ಬಾಯಿ ಹಾಕಿದಂಗೆ ಆಗ್ತದೆ. ಮಜಾ ಏನಂದ್ರೆ ಅವ್ರಿಗೇ ಈ ಹಾಡಿನ ಮೇಲೆ ಅಷ್ಟು ಭರವಸೆ ಇರ್ಲಿಲ್ಲ. ಇಂಗ್ಲೆಂಡಲ್ಲೂ ಅಮೆರಿಕಾದಲ್ಲೂ ಸಿಂಗಲ್ ಆಗಿ, ಅಂದ್ರೆ ಅದೊಂದೇ ಹಾಡಿನ ಬಿಡಿ ರೆಕಾರ್ಡ್ ಆಗಿ, ಬಿಡ್ಲೇ ಇಲ್ಲ, ಆಲ್ಬಮ್ಮಲ್ಲಿ ಹತ್ತರ ಜೊತೆ ಹನ್ನೊಂದು ಅನ್ನೋ ಹಂಗೆ ಉಳೀತು.

ನಿಲ್ಸನ್ ಇದನ್ನ ಮೊದ್ಲು ಕೇಳಿದಾಗ ಬೀಟಲ್ಸ್ ಹಾಡು ಅಂದ್ಕೊಂಡಿದ್ನಂತೆ. ಪ್ರೊಡ್ಯೂಸರ್ ರಿಚರ್ಡ್ ಪೆರಿ ಕಟ್ಕೊಂಡು 1971ರಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡ್ದ, ಪಿಯಾನೋ ಗ್ಯಾರಿ ರೈಟ್ ನುಡಿಸಿದ್ದು, ಸ್ಟ್ರಿಂಗ್ಸ್ ಪಾಲ್ ಬಕ್‌ಮಾಸ್ಟರ್ ಅವ್ರದ್ದು. 1972ರಲ್ಲಿ ಅಮೆರಿಕಾದಲ್ಲಿ ನಾಲ್ಕು ವಾರ, ಬ್ರಿಟನ್ನಲ್ಲಿ ಐದು ವಾರ ನಂಬರ್ ಒನ್, ಆಮೇಲೆ ಗ್ರ್ಯಾಮಿನೂ ಬಂತು. ಬ್ಯಾಡ್‌ಫಿಂಗರ್ ರೆಕಾರ್ಡಿಂಗಲ್ಲಿ ಪಲ್ಲವಿನ ಗಿಟಾರ್ ಜೊತೆ ಎಲ್ಲರೂ ಸೇರಿ ಸಾದಾ ಆಗಿ ಹೇಳ್ಕೊಂಡು ಹೋಗ್ತಾರೆ, ನಿಲ್ಸನ್ ಮೊದ್ಲು ಪಿಯಾನೋ ಜೊತೆ ಹೆಚ್ಚುಕಡಿಮೆ ಪಿಸುಮಾತಲ್ಲಿ ಶುರು ಮಾಡಿ ಕೊನೆಗೆ ಬರೋವಾಗ ಅದೇ ಪಲ್ಲವಿನ ಮೇಲಿನ ಸ್ಥಾಯಿಗೆ ಎತ್ತಿ ಬಿಡ್ತಾನೆ, ಇಯರ್‌ಫೋನ್ ಹಾಕ್ಕೊಂಡು ಕೇಳಿ, ಮೈ ಜುಮ್ ಅನ್ನದಿದ್ರೆ ಕೇಳಿ. ಹಾಡು ಕಂಡುಹಿಡಿದವ್ರು ಆ ಇಬ್ರೇ ಆದ್ರೂ ಅದರೊಳಗೆ ಏನಿದೆ ಅಂತ ಜಗತ್ತಿಗೆ ತೋರಿಸ್ದವ ನಿಲ್ಸನ್ನು, ಅದನ್ನ ನಾನು ಒಪ್ತೇನೆ.

ಅವನ ಕತೆನೂ ತಮಾಷೆನೇ. ಸ್ವತಃ ಒಳ್ಳೆ ಹಾಡು ಬರೀತಿದ್ದ, ‘ವನ್’ ಅಂತ ಅವ ಬರೆದಿದ್ದನ್ನ ಥ್ರೀ ಡಾಗ್ ನೈಟ್‌ನವ್ರು ಹಾಡಿ ಹಿಟ್ ಮಾಡ್ಕೊಂಡ್ರು, ಅವನಿಗೆ ಹೆಸರು ತಂದ ಎರಡು ಹಾಡು ಮಾತ್ರ ಬೇರೆಯವ್ರು ಬರೆದಿದ್ದು, ಇದೊಂದು, ಇನ್ನೊಂದು ಫ್ರೆಡ್ ನೀಲ್ ಬರೆದ ‘ಎವ್ರಿಬಡೀಸ್ ಟಾಕಿನ್’.

ಮರಾಯಾ ಕ್ಯಾರಿ ಬಂದಿದ್ದು ಇಪ್ಪತ್ತು ವರ್ಷ ಬಿಟ್ಟು, 1993ರ ‘ಮ್ಯೂಸಿಕ್ ಬಾಕ್ಸ್’ ಆಲ್ಬಮ್ಮಲ್ಲಿ. ಅವಳು ಹಿಡ್ಕೊಂಡಿದ್ದು ನಿಲ್ಸನ್ ಧಾಟಿನೇ, ಬ್ಯಾಡ್‌ಫಿಂಗರದ್ದಲ್ಲ. 1994ರ ಜನವರಿಲಿ ಸಿಂಗಲ್ ಹೊರಗೆ ಬಂತು, ಅದೇ ತಿಂಗಳು 15ಕ್ಕೆ ನಿಲ್ಸನ್ ತೀರಿಕೊಂಡಿದ್ದ. ಬ್ರಿಟನ್ನಲ್ಲಿ ನಂಬರ್ ಒನ್, ಅಮೆರಿಕಾದಲ್ಲಿ ಮೂರನೇ ಸ್ಥಾನ. ಗಂಟಲಿನ ಬಗ್ಗೆ ಎರಡು ಮಾತಿಲ್ಲ, ಆದ್ರೆ ಹಿಂದೆ ಕೋರಸ್ಸಿನವ್ರನ್ನ ನಿಲ್ಸಿ ಅಷ್ಟು ದೊಡ್ಡದು ಮಾಡಿದ್ಮೇಲೆ ದುಃಖ ಎಲ್ಲಿ ಉಳೀತು, ನನಗೇನೋ ಅದು ಕಾಂಪಿಟಿಷನ್ ಹಾಡಿನಂಗೆ ಕೇಳ್ಸತ್ತೆ. ನಮ್ಮನೇಲಿ ಮಗಳು ಇದನ್ನ ಒಪ್ಪೋದಿಲ್ಲ, ಅದು ಬೇರೆ ಮಾತು. ಇವ್ರ ನಡುವೆ ಶರ್ಲಿ ಬ್ಯಾಸಿ, ಹಾರ್ಟ್, ಏರ್ ಸಪ್ಲೈ ಅಂತ ನೂರಕ್ಕೂ ಮಿಕ್ಕಿ ಜನ ಹಾಡಿದಾರೆ. 2008ರಲ್ಲಿ ಬಲ್ಗೇರಿಯಾದ ಟಿವಿ ಶೋ ಒಂದರಲ್ಲಿ ಒಬ್ಬಾಕೆ ಸಾಲುಗಳನ್ನ ಕಿವಿಗೆ ಬಿದ್ದಂಗೆ, ಪಲ್ಲವಿಯ ‘ಕಾಂಟ್ ಲಿವ್’ ಅನ್ನೋದನ್ನ ‘ಕೆನ್ ಲೀ’ ಅಂತ ಹಾಡಿ ಊರಿಗೆಲ್ಲ ನಗು ಹಂಚಿದ್ಲು, ಅದರ ವಿಡಿಯೋ ನೋಡಿದವ್ರಿಗೂ ಮೂಲ ಯಾರದ್ದು ಗೊತ್ತಿಲ್ಲ.

ಇಷ್ಟೆಲ್ಲ ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ, ಬರೆದವ್ರು ಬದುಕಿದ್ದಾಗ ಅವ್ರ ಕೈಗೆ ಸರಿಯಾಗಿ ಬರ್ಲಿಲ್ಲ. ಬ್ಯಾಂಡಿನ ಲೆಕ್ಕಪತ್ರ ಎಲ್ಲ ಮ್ಯಾನೇಜರ್ ಕೈಲಿತ್ತು, ದುಡ್ಡಿನ ತಕರಾರು ಕೋರ್ಟಿಗೆ ಹೋಗಿ ಅವ್ರ ಒಂದು ಆಲ್ಬಮ್ಮೇ ಅಂಗಡಿಯಿಂದ ವಾಪಸ್ ಹೋಯ್ತು, ಹ್ಯಾಮ್ ಕೈ ಖಾಲಿ. 1975ರ ಏಪ್ರಿಲ್‌ನಲ್ಲಿ ತಾನೇ ಜೀವ ಕಳ್ಕೊಂಡ, ಮೂರು ದಿನ ಹೋಗಿದ್ರೆ 28 ತುಂಬ್ತಿತ್ತು, ಮಗಳು ಹುಟ್ಟಿದ್ದು ಅವ ಹೋದ ಮೇಲೆ. ಇವಾನ್ಸ್‌ಗೂ ಇದೇ ಹಾಡಿನ ರಾಯಲ್ಟಿ ತಕರಾರು ಬಿಡ್ಲಿಲ್ಲ, 1983ರಲ್ಲಿ ಅವನೂ ಹಂಗೇ ಹೋದ. ಸ್ವಾನ್ಸಿಯಲ್ಲಿ ಹ್ಯಾಮ್ ನೆನಪಿಗೆ ಅವನ ಹೆಸರಲ್ಲಿ ಒಂದು ನೀಲಿ ಫಲಕ ಹಾಕಿದ್ದು 2013ರಲ್ಲಿ.

ಇದನ್ನ ಕಾರವಾರದಿಂದ ಯಾಕೆ ಬರೀತಿದ್ದೇನೆ ಅಂದ್ರೆ, ನಮ್ಮ ಕಡೆ ಈ ಹಾಡು ಪೇಪರ್ರಿಗಿಂತ ಮೊದ್ಲೇ ಬಂದಿತ್ತು. ಶಿಪ್ಪಲ್ಲಿ, ಗಲ್ಫಲ್ಲಿ ಇದ್ದವ್ರು ರಜೆಗೆ ಬರೋವಾಗ ಕ್ಯಾಸೆಟ್ ತರ್ತಿದ್ರು, ಸದಾಶಿವಗಡ ಮಾಜಾಳಿ ಕಡೆ ಕ್ರಿಶ್ಚಿಯನ್ ಮದುವೆಗಳಲ್ಲಿ ಬ್ಯಾಂಡಿನವ್ರು ಕೊಂಕಣಿ ಹಾಡಿನ ಮಧ್ಯೆ ಈಗ್ಲೂ ಇದನ್ನ ನುಡಿಸ್ತಾರೆ (ಬಿಟ್ಟುಹೋಗೋ ಹಾಡನ್ನ ಮದುವೇಲಿ ಯಾಕೆ ಅಂತ ಕೇಳ್ಬೇಡಿ, ಸ್ಲೋ ಡ್ಯಾನ್ಸಿಗೆ ಲಾಯಕ್ಕಾಗಿ ಬರ್ತದೆ). ಮೈಕ್ ಹಿಡಿದವ ಪ್ರತಿ ಸಲ ‘ಮರಾಯಾ ಕ್ಯಾರಿ ಸಾಂಗ್’ ಅಂತಾನೇ ಹೇಳೋದು.

ಇದು ನಮ್ಗೆ ಹೊಸ ಪಾಠ ಏನಲ್ಲ ನೋಡಿ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಒಂದೇ ಪದ್ಯನ ನೆಬ್ಬೂರು ಭಾಗವತ್ರು ಹೇಳಿದ್ದು ಒಂದು ರೀತಿ, ಕಾಳಿಂಗ ನಾವಡ್ರು ಹೇಳಿದ್ದು ಇನ್ನೊಂದು ರೀತಿ, ಜನ ಕೂತು ವಾದ ಮಾಡ್ತಾರೆ, ಹಂಗಂತ ಪ್ರಸಂಗ ಭಾಗವತ್ರದ್ದು ಅಂತ ಯಾರೂ ಹೇಳೋದಿಲ್ಲ. ಆಕಾಶವಾಣಿಲಿ ಭಾವಗೀತೆ ಹಾಕೋವಾಗ ರಚನೆ ಯಾರದ್ದು, ಸಂಗೀತ ಸಂಯೋಜನೆ ಯಾರದ್ದು, ಹಾಡಿದವ್ರು ಯಾರು ಅಂತ ಹೇಳೋ ರೂಢಿ ಇದೆ. ಈಗ ಮೊಬೈಲ್ ಆ್ಯಪಲ್ಲಿ ಹಾಡಿದವ್ರ ಹೆಸರು ದಪ್ಪಕ್ಷರದಲ್ಲಿ ಕಾಣ್ತದೆ, ಬರೆದವ್ರದ್ದು ಬೇಕಂದ್ರೆ ಮೆನು ಒಳಗೆ ಹೋಗಿ ಹುಡುಕ್ಬೇಕು. ನಿಮ್ಮ ಬರಹಗಾರ್ರು ಅಲ್ಲಿಂದಾನೇ ಎತ್ತಿರ್ಬೇಕು ಅಂತ ನನ್ನ ಅನುಮಾನ.

ಹಾಗಾಗಿ ಮುಂದಿನ ಕಂತುಗಳಲ್ಲಿ ಹಾಡಿನ ಹೆಸರಿನ ಕೆಳಗೆ ರಚನೆ ಅಂತ ಒಂದು ಸಾಲು ಸೇರಿಸಿ, ಜಾಗ ಇಲ್ಲ ಅಂದ್ರೆ ಫೋಟೋ ಸ್ವಲ್ಪ ಸಣ್ಣದು ಮಾಡಿ. ಈ ಭಾನುವಾರದ ತಿದ್ದುಪಡಿಲಿ ಪೀಟ್ ಹ್ಯಾಮ್, ಟಾಮ್ ಇವಾನ್ಸ್ ಎರಡೂ ಹೆಸರು ಬರ್ಲಿ, ಒಂದನ್ನ ಹಾಕಿ ಇನ್ನೊಂದನ್ನ ಬಿಡ್ಬೇಡಿ. ಮತ್ತೆ ಹಿಂಗೆ ಒಬ್ರ ಹಾಡನ್ನ ಇನ್ನೊಬ್ರು ಹಾಡೋ ಕವರ್ ಹಾಡುಗಳ ಬಗ್ಗೆನೇ ಬರೀತೀರಿ ಅಂತಾದ್ರೆ ಫ್ರೆಡ್ ನೀಲ್ ಇಂದ ಶುರು ಮಾಡಿ, ಅವನ ಬಗ್ಗೆ ಕನ್ನಡದಲ್ಲಿ ನಾನಂತೂ ಒಂದು ಸಾಲೂ ಓದಿಲ್ಲ.

ಇಂತಿ,
ನಿಮ್ಮ ಓದುಗ,
ಕೋಡಿಬಾಗ, ಕಾರವಾರ