‘ಹತ್ತು ಅಡಿ ಆಳ’ದ ಲೋಹಶೋಧಕ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಕುಡಿಯುವ ನೀರು ಸರಬರಾಜಿನ ಕೆಲಸದಲ್ಲಿ ಮೂರು ದಶಕ ಕಳೆದು ನಿವೃತ್ತನಾಗಿರುವ ನಾನು, ಸ್ಥಳೀಯ ಸಂಸ್ಥೆಗಳು ಲೋಹಶೋಧಕ ಯಂತ್ರಗಳನ್ನು ಖರೀದಿಸುವ ರೀತಿಯ ಬಗ್ಗೆ ಒಂದು ಆಕ್ಷೇಪವನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು, ಪೈಪಿನಲ್ಲಿ ನೀರು ಬಿಡುವ–ನಿಲ್ಲಿಸುವ ಸ್ಲೂಸ್ ವಾಲ್ವ್‌ಗಳ ಬೀಡುಕಬ್ಬಿಣದ ಮುಚ್ಚಳಗಳು ಹೂತುಹೋಗುವುದು, ಹಳೆಯ ನಕ್ಷೆ ಗೆದ್ದಲಿನ ಪಾಲಾಗಿ ಪೈಪ್‌ಲೈನ್ ಹಾದುಹೋದ ದಾರಿಯೇ ಯಾರಿಗೂ ಗೊತ್ತಿಲ್ಲದಂತಾಗುವುದು ನಮ್ಮ ಊರುಗಳಿಗೆ ಹೊಸದಲ್ಲ. ಅವನ್ನು ಹುಡುಕಲು ಯಂತ್ರ ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಟೇಶನ್ ಕರೆಯುವಾಗ ‘ಕನಿಷ್ಠ 10 ಅಡಿ ಆಳದವರೆಗೆ ಪತ್ತೆ ಮಾಡುವ ಸಾಮರ್ಥ್ಯವಿರಬೇಕು’ ಎಂಬ ಒಂದು ಸಾಲು ಬರೆದು, ಏನನ್ನು ಪತ್ತೆ ಮಾಡಬೇಕು, ಎಂಥ ಮಣ್ಣಿನಲ್ಲಿ ಎಂಬುದನ್ನು ಬಿಟ್ಟುಬಿಟ್ಟರೆ ಆ ಸಾಲಿಗೆ ಯಾವ ಅರ್ಥವೂ ಇರುವುದಿಲ್ಲ.

ಹೀಗೆ ಕೊಂಡ ಯಂತ್ರವೊಂದನ್ನು ಪ್ರಯೋಗಿಸಿ ನೋಡಲು ನಮ್ಮ ಕಡೆಯ ಒಂದು ಸ್ಥಳೀಯ ಸಂಸ್ಥೆಯವರು ನನ್ನನ್ನೂ ಕರೆದಿದ್ದರು. ಹುಡುಕಬೇಕಾಗಿದ್ದದ್ದು ಒಂದು ವಾಲ್ವ್ ಚೇಂಬರಿನ ಮುಚ್ಚಳ, ಹೆಚ್ಚೆಂದರೆ ಮೂರು ಅಡಿ ಕೆಳಗೆ. ಯಂತ್ರ ಚಾಲೂ ಮಾಡಿದ್ದೇ ತಡ, ಎಲ್ಲಿ ಹಿಡಿದರೂ ಕೂಗತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು: ನೀರಗಂಟಿ ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು ಯಂತ್ರದ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದ. ಅವನನ್ನು ದೂರ ನಿಲ್ಲಿಸಿದ ಮೇಲೂ ಕೂಗು ಪೂರ್ತಿ ನಿಲ್ಲಲಿಲ್ಲ, ಏಕೆಂದರೆ ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳು ವರ್ಷಗಟ್ಟಲೆ ಉದುರಿಸಿದ ಕೆಂಪು ಪುಡಿ ಆ ರಸ್ತೆಯಂಚಿನ ಮಣ್ಣಿನಲ್ಲೆಲ್ಲ ಬೆರೆತುಹೋಗಿತ್ತು. ಕೊನೆಗೆ ಅದೇ ನೀರಗಂಟಿ, ‘ಹುಣಸೇಮರದಿಂದ ಈಚೆಗೆ ಹತ್ತು ಮಾರು ಇರಬೇಕು ಸ್ವಾಮಿ’ ಎಂದು ಅಳೆದು, ಹಾರೆ ಚುಚ್ಚಿ ಮುಚ್ಚಳ ತೋರಿಸಿಕೊಟ್ಟ. ನಕ್ಕು ಮರೆಯಬಹುದಾಗಿತ್ತು, ಯಂತ್ರದ ಬಿಲ್ ಅಷ್ಟರಲ್ಲಾಗಲೇ ಪಾವತಿಯಾಗಿತ್ತು ಎನ್ನುವುದೊಂದೇ ಬೇಸರ.

ಗುದ್ದಲಿಯ ಪ್ರಸಂಗಕ್ಕೆ ದೊಡ್ಡ ಪೂರ್ವಜರಿದ್ದಾರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಗುಲಿದಾಗ, ಮೈಯೊಳಗಿನ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಾವೇ ರೂಪಿಸಿದ ಉಪಕರಣ ತಂದರು. ಅದು ಗುಂಡನ್ನು ತೋರಿಸಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಉಪಕರಣದ ದಾರಿ ತಪ್ಪಿಸಿದ್ದು ಅದಕ್ಕೊಂದು ಕಾರಣ. ವೈದ್ಯರು ದೇಹದ ಒಂದೇ ಪಕ್ಕದಲ್ಲಿ ಹುಡುಕಲು ಬಿಟ್ಟದ್ದು ಇನ್ನೊಂದು. ಯಂತ್ರದ ತಪ್ಪಿಗಿಂತ ಸುತ್ತಲಿನ ಲೋಹದ ಮತ್ತು ಹುಡುಕಿಸುವವರ ತಪ್ಪು ಹೆಚ್ಚಾಗಿರುವುದು ಅಂದಿನಿಂದಲೂ ನಡೆದುಬಂದಿದೆ.

ಆಳದ ವಿಷಯಕ್ಕೆ ಬರುತ್ತೇನೆ. ಲೋಹಶೋಧಕದ ತಳದಲ್ಲಿರುವ ತಂತಿಯ ಸುರುಳಿಯು ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಕಳಿಸುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಆ ಪ್ರವಾಹದ ಕ್ಷೇತ್ರ ಮರಳಿ ಮೇಲಕ್ಕೆ ಬರುತ್ತದೆ. ಸುರುಳಿಯ ಅಗಲವನ್ನು ಮೀರಿದ ದೂರದಲ್ಲಿ, ಹೋಗುವಾಗ ದೂರದ ಘನಕ್ಕೆ ತಕ್ಕಂತೆ, ಅಂದರೆ ದೂರ ಎರಡು ಪಟ್ಟಾದರೆ ಎಂಟರಲ್ಲಿ ಒಂದು ಪಾಲಿಗೆ, ಕ್ಷೇತ್ರ ಕುಂದುತ್ತದೆ, ಬರುವಾಗ ಮತ್ತೆ ಅಷ್ಟೇ ಕುಂದುತ್ತದೆ. ಎರಡನ್ನೂ ಗುಣಿಸಿದರೆ, ಸಣ್ಣ ವಸ್ತುವಿನ ಆಳ ಎರಡು ಪಟ್ಟಾದಾಗ ಕೈಗೆ ಸಿಗುವ ಸಂಕೇತ ಅರುವತ್ತನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಆದ್ದರಿಂದ ಬ್ಯಾಟರಿ ದೊಡ್ಡದು ಹಾಕಿದೆವು, ಶಕ್ತಿ ದುಪ್ಪಟ್ಟು ಮಾಡಿದೆವು ಎಂಬ ಮಾರಾಟಗಾರರ ಮಾತಿನಿಂದ ಆಳದಲ್ಲಿ ಹೆಚ್ಚುವುದು ಬೆರಳೆಣಿಕೆಯ ಅಂಗುಲ ಮಾತ್ರ. ಆಳವನ್ನು ನಿಜವಾಗಿ ತೀರ್ಮಾನಿಸುವುದು ಹೂತಿರುವ ವಸ್ತುವಿನ ಗಾತ್ರ, ಸುರುಳಿಯ ಅಗಲ ಮತ್ತು ಮಣ್ಣು.

ಕೈಯಲ್ಲಿ ಹಿಡಿದು ಅತ್ತಿತ್ತ ಬೀಸುವ ಸಾಮಾನ್ಯ ಯಂತ್ರಗಳು ಕೆಲವು ಕಿಲೋಹರ್ಟ್ಸ್‌ನಿಂದ ಕೆಲವು ಹತ್ತು ಕಿಲೋಹರ್ಟ್ಸ್‌ವರೆಗಿನ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಒಂದು ನಾಣ್ಯವನ್ನು ಅವು ಸುಮಾರು ಒಂದಡಿಯೊಳಗೆ ಹಿಡಿದರೆ ಒಳ್ಳೆಯ ಯಂತ್ರವೆಂದೇ ಹೇಳಬೇಕು. ಇದಕ್ಕಿಂತ ಆಳದಲ್ಲಿರುವ ದೊಡ್ಡ ವಸ್ತುವಿಗೆ ‘ಪಲ್ಸ್ ಇಂಡಕ್ಷನ್’ ಬಗೆಯ ಯಂತ್ರ ಹೆಚ್ಚು ಹೊಂದುತ್ತದೆ. ಅದು ಸುರುಳಿಗೆ ಕ್ಷಣಿಕ ಮಿಡಿತಗಳಲ್ಲಿ ವಿದ್ಯುತ್ ಕೊಟ್ಟು, ಕಡಿತಗೊಳಿಸಿದ ಮೇಲೆ ಲೋಹದೊಳಗಿನ ಪ್ರವಾಹ ಎಷ್ಟು ನಿಧಾನವಾಗಿ ಆರುತ್ತದೆ ಎಂಬುದನ್ನು ಅಳೆಯುತ್ತದೆ. ಇದಕ್ಕೆ ಮಂಚದ ಚೌಕಟ್ಟಿನಂತೆ ಒಂದು ಮೀಟರ್ ಅಗಲದ ಸುರುಳಿ ಕಟ್ಟಿ ಇಬ್ಬರು ಎತ್ತಿಕೊಂಡು ನಡೆಯಬಹುದು. ಮಣ್ಣು ಸಹಕರಿಸಿದರೆ ಕಬ್ಬಿಣದ ಡ್ರಮ್ಮಿನಷ್ಟು ದೊಡ್ಡ ವಸ್ತು ಆರೇಳು ಅಡಿಯಲ್ಲೂ ಸಿಗುತ್ತದೆ. ಆದರೆ ಅದೇ ಚೌಕಟ್ಟಿನ ಕೆಳಗೆ ನಾಣ್ಯವಿದ್ದರೆ, ಅದು ಗೇಣಿನಷ್ಟೇ ಆಳದಲ್ಲಿದ್ದರೂ, ತಿಳಿಯದೇ ಹೋಗಬಹುದು. ದೊಡ್ಡ ಬಲೆಯಲ್ಲಿ ಸಣ್ಣ ಮೀನು ನಿಲ್ಲುವುದಿಲ್ಲವಲ್ಲ, ಹಾಗೆ. ಕಳಿಸುವ ಪೆಟ್ಟಿಗೆಯನ್ನು ಒಂದು ತುದಿಗೂ ಹಿಡಿಯುವ ಪೆಟ್ಟಿಗೆಯನ್ನು ಇನ್ನೊಂದು ತುದಿಗೂ ಕಟ್ಟಿದ ಎರಡು ಪೆಟ್ಟಿಗೆಯ ಯಂತ್ರವೂ ಪೈಪ್ ಹುಡುಕುವವರಿಗೆ ಅನುಕೂಲವೇ. ಅದು ಮೇಲ್ಮಣ್ಣಿನ ಮೊಳೆ, ಬಾಟಲಿ ಮುಚ್ಚಳಗಳನ್ನು ಲೆಕ್ಕಿಸುವುದಿಲ್ಲ. ಆ ಕಸದ ಕೂಗಿನಲ್ಲಿ ಒಂದು ಬೆಳಗ್ಗೆ ಕಳೆದವರಿಗೆ ಇದೆಂಥ ಉಪಕಾರ ಎಂದು ಗೊತ್ತು.

ಮುಚ್ಚಳ, ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್, ಸರ್ವೆಯವರು ನೆಟ್ಟ ಕಬ್ಬಿಣದ ಗೂಟ ಇಷ್ಟನ್ನೇ ಹುಡುಕುವುದಾದರೆ ಲೋಹಶೋಧಕವನ್ನೇ ಕೊಳ್ಳಬೇಕಾಗಿಲ್ಲ. ಕಬ್ಬಿಣದ ಕಾಂತಗುಣವನ್ನಷ್ಟೇ ಗ್ರಹಿಸುವ ಕೋಲಿನಾಕಾರದ ಶೋಧಕಗಳಿವೆ. ಅವು ತಾವಾಗಿ ಏನನ್ನೂ ಕಳಿಸುವುದಿಲ್ಲವಾದ್ದರಿಂದ ಸಂಕೇತ ಒಂದು ಬಾರಿ ಮಾತ್ರ ಕುಂದುತ್ತದೆ, ಕಬ್ಬಿಣವು ಹೆಚ್ಚು ಆಳದಿಂದ ಗೊತ್ತಾಗುತ್ತದೆ. ತಾಮ್ರ, ಅಲ್ಯೂಮಿನಿಯಂ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಹೊಸ ಕೇಸಿಂಗ್‌ಗಳು ಪಿವಿಸಿಯಾಗಿದ್ದರೆ ಅವೂ ಇಲ್ಲ.

ಪ್ಲಾಸ್ಟಿಕ್ಕಿನ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕು. ಜಲಜೀವನ್ ಮಿಷನ್ ಕಾಮಗಾರಿಗಳಲ್ಲಿ ಊರೂರಿಗೆ ಹೂಳಿರುವ ಎಚ್‌ಡಿಪಿಇ ಪೈಪುಗಳನ್ನು ಎಷ್ಟೇ ಬೆಲೆಯ ಲೋಹಶೋಧಕವೂ ತೋರಿಸಲಾರದು, ಏಕೆಂದರೆ ಅವುಗಳಲ್ಲಿ ಲೋಹವೇ ಇಲ್ಲ. ಹೂಳುವಾಗಲೇ ಪೈಪಿನ ಜೊತೆಗೆ ಒಂದು ತಾಮ್ರದ ತಂತಿ ಎಳೆದು, ಅದರ ತುದಿಯನ್ನು ಚೇಂಬರಿನಲ್ಲಿ ಬಿಟ್ಟಿದ್ದರೆ, ಮುಂದೆ ಆ ತಂತಿಗೆ ಸಂಕೇತ ಹಾಯಿಸಿ ಪೈಪ್ ಲೊಕೇಟರ್ ಹಿಡಿದು ದಾರಿಗುಂಟ ನಡೆದು ಹೋಗಬಹುದು. ಇನ್ನು ಮುಂದೆ ಹೂಳುವ ಪೈಪಿಗಾದರೂ ಇದನ್ನು ಕಡ್ಡಾಯ ಮಾಡಬೇಕು. ಯಂತ್ರಕ್ಕೆ ತೆರುವ ಹಣದೆದುರು ತಂತಿಯ ಬೆಲೆ ಯಾವ ಲೆಕ್ಕ?

ಮಣ್ಣಿನ ವಿಚಾರದಲ್ಲಿ ಕರ್ನಾಟಕ ಒಂದೇ ರಾಜ್ಯವಲ್ಲ. ಕರಾವಳಿ, ಮಲೆನಾಡಿನ ಮುರಕಲ್ಲಿನ ನೆಲ ಕಬ್ಬಿಣದ ಆಕ್ಸೈಡುಗಳಿಂದ ತುಂಬಿದ್ದು, ಪಲ್ಸ್ ಯಂತ್ರವನ್ನೂ ಅಡ್ಡದಾರಿಗೆ ಎಳೆಯುತ್ತದೆ. ಉತ್ತರದ ಎರೆಭೂಮಿ ಮಳೆಗಾಲದಲ್ಲಿ ಒಂದು ಬಗೆ, ಬಿರುಕುಬಿಟ್ಟ ಬೇಸಿಗೆಯಲ್ಲಿ ಇನ್ನೊಂದು ಬಗೆ. ಬಳ್ಳಾರಿ, ವಿಜಯನಗರ ಜಿಲ್ಲೆಗಳ ಅದಿರುನೆಲದ ಬಗ್ಗೆ ಮೇಲೆ ಹೇಳಿದ್ದೇನೆ. ನೆಲದ ಪ್ರಭಾವವನ್ನು ಕಳೆದುಕೊಳ್ಳುವಂತೆ ಹೊಂದಿಸುವ ವ್ಯವಸ್ಥೆ ಯಂತ್ರದಲ್ಲಿ ಇದೆಯೇ, ಅದನ್ನು ಕೈಯಿಂದ ತಿದ್ದಲು ಬರುತ್ತದೆಯೇ ಎಂದು ಕೇಳಬೇಕಾದದ್ದು ಇಂಥ ಕಡೆ. ಗಾಳಿಯಲ್ಲಿ ತಟ್ಟೆ ಹಿಡಿದು ‘ನೋಡಿ, ಇಷ್ಟು ದೂರದಿಂದ ಕೂಗಿತು’ ಎಂದು ತೋರಿಸುವ ಪ್ರದರ್ಶನವನ್ನು ಯಾರೂ ಒಪ್ಪಬಾರದು. ಪರದೆಯ ಮೇಲೆ ‘ಚಿನ್ನ’, ‘ಕಬ್ಬಿಣ’ ಎಂದು ಮೂಡುವ ಬರಹವನ್ನೂ ಆಳದ ವಸ್ತುವಿನ ಮಟ್ಟಿಗೆ ನಂಬುವಂತಿಲ್ಲ. ದೊಡ್ಡ ಕಬ್ಬಿಣದ ತಗಡು ಎಷ್ಟೋ ಸಲ ಬೆಳ್ಳಿಯ ವೇಷ ಹಾಕಿ ಬರುತ್ತದೆ.

ಚಿನ್ನದ ಹೆಸರೆತ್ತಿದ ಮೇಲೆ ಸುಮ್ಮನಿರಲಾಗದು. ‘ನೂರು ಮೀಟರ್ ದೂರದಿಂದಲೇ ನಿಧಿಯ ದಿಕ್ಕು ತೋರಿಸುವ’ ಆಂಟೆನಾ ಕೋಲುಗಳ ಜಾಹೀರಾತುಗಳು ಮೊಬೈಲಿನಲ್ಲಿ ದಿನಕ್ಕೊಂದು ಬರುತ್ತವೆ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯಂಥ ಸಾಧನವನ್ನೇ ಎಡಿಇ 651 ಎಂಬ ಹೆಸರಿನಲ್ಲಿ ಬಾಂಬ್ ಶೋಧಕವೆಂದು ಇರಾಕಿಗೆ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಹತ್ತು ವರ್ಷಗಳ ಸಜೆಯಾಯಿತು. ಆ ಕೋಲಿಗೂ ಈ ಕೋಲುಗಳಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಇಂಥವನ್ನು ನಂಬಿದವರ ಗುದ್ದಲಿ ಬೀಳುವುದು ಹಳೆಯ ಗುಡಿಗಳ ಗರ್ಭಗೃಹಕ್ಕೆ, ವೀರಗಲ್ಲುಗಳ ಬುಡಕ್ಕೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ಒಡೆದುಹಾಕಿದ್ದನ್ನು ಈ ಭಾಗದ ನಾವು ಮರೆತಿಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ತನ್ನದೇ ಹೊಲದಲ್ಲಿ ನಿಧಿ ಸಿಕ್ಕರೂ ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನಿದೆ. ಹೀಗಿರುವಾಗ ಯಂತ್ರ ಮಾರುವವರು ಹಂಪಿಯ ಕಲ್ಲಿನ ರಥದ ಚಿತ್ರ ಹಾಕಿ ಜಾಹೀರಾತು ಮಾಡುವುದನ್ನು ಪುರಾತತ್ವ ಇಲಾಖೆ ಹೇಗೆ ಸಹಿಸಿಕೊಂಡಿದೆಯೋ ತಿಳಿಯದು.

ನನ್ನ ಕೋರಿಕೆ ದೊಡ್ಡದೇನಲ್ಲ. ಟೆಂಡರ್ ದಾಖಲೆಯಲ್ಲಿ ‘10 ಅಡಿ’ ಎಂಬ ಸಾಲನ್ನು ಹೊಡೆದುಹಾಕಿ, ‘ಒಂದಡಿ ವ್ಯಾಸದ ಬೀಡುಕಬ್ಬಿಣದ ಮುಚ್ಚಳವನ್ನು ನಮ್ಮ ಊರಿನ ಮಣ್ಣಿನಲ್ಲಿ ಮೂರು ಅಡಿ ಆಳದಲ್ಲಿ, ನಾವು ಹೂತಿಟ್ಟ ಜಾಗ ತಿಳಿಸದೆ, ಹುಡುಕಿ ತೋರಿಸಬೇಕು’ ಎಂದು ಬರೆಯಲಿ. ಒಂದು ಗುಂಡಿಯಲ್ಲಿ ಮುಚ್ಚಳ ಹೂತು, ಪಕ್ಕದಲ್ಲಿ ಏನನ್ನೂ ಹೂಳದ ಇನ್ನೂ ನಾಲ್ಕು ಗುಂಡಿ ತೆಗೆದು ಮುಚ್ಚಲಿ. ಬರಿಗುಂಡಿಯ ಮೇಲೆ ಸುಮ್ಮನಿದ್ದು ಮುಚ್ಚಳದ ಮೇಲೆ ಕೂಗಿದ ಯಂತ್ರವನ್ನು ಮಾತ್ರ ಕೊಳ್ಳಲಿ, ಬಿಲ್ಲನ್ನು ಆ ನಂತರವೇ ಪಾವತಿಸಲಿ. ಮಾರಾಟಗಾರರು ಸರಳು ಹಾಕಿದ ಕಾಂಕ್ರೀಟಿನ ಮೇಲೋ 11 ಕೆವಿ ತಂತಿಯ ಕೆಳಗೋ ಪರೀಕ್ಷೆ ಬೇಡವೆಂದರೆ ಅದು ನ್ಯಾಯವೇ, ಅಲ್ಲಿ ಯಾವ ಯಂತ್ರವೂ ತಡಬಡಿಸುತ್ತದೆ. ಉಳಿದ ಯಾವ ನೆಪಕ್ಕೂ ಕಿವಿಗೊಡಬೇಕಾಗಿಲ್ಲ. ಮತ್ತು ಪರೀಕ್ಷೆಯ ದಿನ ನೀರಗಂಟಿಯನ್ನು ತಪ್ಪದೆ ಕರೆಸಲಿ, ಗುದ್ದಲಿಯನ್ನು ಮಾತ್ರ ದೂರ ಇಡಿಸಿ.

ಇಂತಿ,
ನಿವೃತ್ತ ಎಂಜಿನಿಯರ್,
ಹೊಸಪೇಟೆ