ಚಿಹಿರೋ ಮನೆಯಿಂದ ಶ್ರೀಧರನಿಗೆ

ಪ್ರಿಯ ಶ್ರೀಧರ,

ಟೋಕಿಯೊದ ಇವಾಸಾಕಿ ಚಿಹಿರೋ ಮ್ಯೂಸಿಯಂಗೆ ಕೊನೆಗೂ ಹೋಗಿ ಬಂದೆ. ನಿನ್ನ ಮೇಜಿನ ಮೇಲೆ ವರ್ಷಗಟ್ಟಲೆಯಿಂದ ಕೂತಿರುವ ಜಪಾನಿ ಬಾಲ್ಯಕಥನ ‘ತೊತ್ತೋ-ಚಾನ್’ ಪುಸ್ತಕದ ರಕ್ಷಾಪುಟದಲ್ಲಿ ಟೋಪಿ ಹಾಕಿಕೊಂಡ ಹುಡುಗಿ ಇದ್ದಾಳಲ್ಲ, ಅವಳನ್ನು ಬರೆದ ಕಲಾವಿದೆ ಚಿಹಿರೋ. ನಿನಗೊಬ್ಬನಿಗೇ ಬರೆದರೆ ‘ಓದಿದೆ, ಚೆನ್ನಾಗಿದೆ’ ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಈ ಸಲ ನನಗೆ ಪೂರ್ತಿ ಉತ್ತರ ಬೇಕು.

ಸೆಯ್ಬು ಷಿಂಜುಕು ಮಾರ್ಗದ ರೈಲಿನಲ್ಲಿ ಕಮಿ-ಇಗುಸಾ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು. ಎದುರಿಗೇ ಗುಂಡಮ್ ಎಂಬ ಕಾರ್ಟೂನ್ ರೋಬೋಟಿನ ಕಂಚಿನ ಪ್ರತಿಮೆ ಇದೆ, ನಿನ್ನ ತಮ್ಮ ನೋಡಿದರೆ ಅಲ್ಲಿಯೇ ಬಿಡಾರ ಹೂಡುತ್ತಾನೆ. ಅಲ್ಲಿಂದ ಮನೆಗಳ ನಡುವಿನ ಓಣಿಗಳಲ್ಲಿ ಸ್ವಲ್ಪ ನಡೆದರೆ ಮ್ಯೂಸಿಯಂ. ಬದುಕಿನ ಕೊನೆಯ 22 ವರ್ಷ ಚಿಹಿರೋ ವಾಸವಾಗಿದ್ದದ್ದು ಇದೇ ನಿವೇಶನದಲ್ಲಿ. 1974ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆಕೆಗೆ 55 ವರ್ಷ. ಮೂರು ವರ್ಷಗಳ ನಂತರ, 1977ರಲ್ಲಿ, ಇದು ತೆರೆಯಿತು. ಮಕ್ಕಳ ಚಿತ್ರಪುಸ್ತಕಗಳ ಕಲೆಗೆಂದೇ ಜಗತ್ತಿನಲ್ಲಿ ಹುಟ್ಟಿದ ಮೊದಲ ಮ್ಯೂಸಿಯಂ ಇದಂತೆ.

ಒಳಗೆ ಬೆಳಕು ಮಂದ. ಜಲವರ್ಣ ಬೆಳಕಿಗೆ ಮಾಸುತ್ತದೆ ಎಂಬುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ನನಗೆ ಮೊದಲು ವಿಚಿತ್ರವೆನಿಸಿದ್ದು ಚಿತ್ರಗಳು ತೂಗಿದ್ದ ಎತ್ತರ. ಪ್ರತಿ ಚಿತ್ರದ ನಡುಭಾಗ ನೆಲದಿಂದ 135 ಸೆಂಟಿಮೀಟರ್‌ಗೆ ಬರುವ ಹಾಗೆ ಹಾಕುತ್ತಾರಂತೆ, ಮಕ್ಕಳ ಕಣ್ಣಿಗೆ ಸರಿಯಾಗಿ. ದೊಡ್ಡವರಾದ ನಾವು ತಲೆ ತಗ್ಗಿಸಿ ನೋಡುತ್ತಿದ್ದೆವು, ನನ್ನ ಪಕ್ಕದಲ್ಲಿದ್ದ ಹುಡುಗಿ ನೆಟ್ಟಗೆ ನಿಂತು ನೋಡುತ್ತಿದ್ದಳು. ಹೈಸ್ಕೂಲು ಮುಗಿಸುವವರೆಗೆ ಯಾರಿಗೂ ಟಿಕೆಟ್ ಇಲ್ಲ. ಮಕ್ಕಳಿಗಾಗಿ ಎಂದು ಬೋರ್ಡು ಹಾಕಿದ ಎಷ್ಟೋ ಜಾಗಗಳನ್ನು ನೋಡಿದ್ದೇನೆ, ಮೊಳೆ ಹೊಡೆಯುವಾಗಲೂ ಮಕ್ಕಳನ್ನು ನೆನೆದವರನ್ನು ಇಲ್ಲಿಯೇ ಕಂಡದ್ದು.

ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. ಟೋಪಿ ಹಾಕಿದ ಮಗು. ಟೋಪಿಗೆ ಹೊರಗೆರೆಯೇ ಇಲ್ಲ, ಒದ್ದೆ ಕಾಗದದ ಮೇಲೆ ಬಣ್ಣ ಹರಿದು ಎಲ್ಲಿ ನಿಂತಿತೋ ಅದೇ ಅಂಚು. ಕೆನ್ನೆಗೆ ಹಚ್ಚಿದ್ದು ಏನೂ ಇಲ್ಲವೆನ್ನುವಷ್ಟು ತೆಳು ಬಣ್ಣ. ಕಣ್ಣು ಎಂದರೆ ಎರಡು ಕಪ್ಪು ಚುಕ್ಕೆಗಳು, ಅಂಚು ತುಸು ಕದಡಿದವು. ಹಿಂದೆ ಮರವಿಲ್ಲ, ಮನೆಯಿಲ್ಲ, ಬರಿಯ ಬಿಳಿ ಕಾಗದ. ಆದರೂ ಆ ಮಗು ಈಗಷ್ಟೇ ಯಾರನ್ನೋ ಬೀಳ್ಕೊಟ್ಟಿದೆ ಎಂದು ನನಗೆ ಖಚಿತವಾಗಿ ಅನಿಸಿತು.

ಇಲ್ಲಿ ತಿಳಿದ ಒಂದು ವಿಷಯವನ್ನು ನಿನಗೆ ಹೇಳಲೇಬೇಕು. ಚಿಹಿರೋ ‘ತೊತ್ತೋ-ಚಾನ್’ ಓದಿರಲೇ ಇಲ್ಲ. ಓದಲು ಸಾಧ್ಯವೂ ಇರಲಿಲ್ಲ. ಆ ಪುಸ್ತಕ ಬಂದದ್ದು 1981ರಲ್ಲಿ, ಆಕೆ ತೀರಿಕೊಂಡು ಏಳು ವರ್ಷವಾದ ಮೇಲೆ. ತನ್ನ ಬಾಲ್ಯವನ್ನು ಬರೆದ ತೆತ್ಸುಕೊ ಕುರೊಯಾನಾಗಿ ಚಿಹಿರೋ ಬಿಟ್ಟುಹೋದ ರಾಶಿಯಿಂದ ತನ್ನ ಕಥೆಗೆ ಹೊಂದುವ ಚಿತ್ರಗಳನ್ನು ಆರಿಸಿಕೊಂಡರು. ಆ ಚಿತ್ರಗಳಲ್ಲಿ ತೊತ್ತೋ-ಚಾನ್ ಮೊದಲೇ ಇದ್ದಳು, ಅವಳ ಶಾಲೆಯ ಗೆಳೆಯರೂ ಇದ್ದರು. ನಾವಿಬ್ಬರೂ ಹೈಸ್ಕೂಲಿನ ವರಾಂಡದಲ್ಲಿ ಕೂತು, ಈ ಚಿತ್ರಗಾರ್ತಿ ಕಥೆಯನ್ನು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದಾಳೆ ಎಂದು ಮಾತಾಡಿಕೊಂಡದ್ದು ನೆನಪಿದೆಯೇ? ಆಕೆ ಅರ್ಥಮಾಡಿಕೊಂಡದ್ದು ಮಕ್ಕಳನ್ನು. ಕುರೊಯಾನಾಗಿ ಬಹುಕಾಲದಿಂದ ಈ ಮ್ಯೂಸಿಯಂನ ನಿರ್ದೇಶಕಿಯೂ ಹೌದು.

ಆ ರಾಶಿ ಹೇಗೆ ಉಳಿಯಿತು ಎನ್ನುವುದು ವಿಶೇಷವಾಗಿ ನಿನಗೆ ಸಂಬಂಧಿಸಿದ್ದು. ಆ ಕಾಲದ ಜಪಾನಿನಲ್ಲಿ ಪ್ರಕಾಶಕರು ಹಣ ಕೊಟ್ಟರೆ ಮೂಲಚಿತ್ರವೂ ಅವರದೇ ಎಂಬ ವಾಡಿಕೆ ಇತ್ತು. ಚಿಹಿರೋ ಒಪ್ಪಲಿಲ್ಲ. ಅಚ್ಚು ಮಾಡಲು ಕೊಟ್ಟದ್ದು, ಅಚ್ಚಾದ ಮೇಲೆ ವಾಪಸ್ ಕೊಡಿ ಎಂದು ಹಟ ಹಿಡಿದರು. ಕೆಲಸ ಕೈತಪ್ಪಬಹುದು ಎಂದು ಗೊತ್ತಿದ್ದೂ ಹಿಡಿದ ಹಟ. ಇಂದು ಮ್ಯೂಸಿಯಂನ ಬಳಿ ಆಕೆಯ 9,000ಕ್ಕೂ ಹೆಚ್ಚು ಚಿತ್ರಗಳಿರುವುದು ಆ ಹಟದಿಂದ. ನೀನು ವಾರಪತ್ರಿಕೆಗಳಿಗೆ, ಮಕ್ಕಳ ಪುಸ್ತಕಗಳಿಗೆ ಬರೆದುಕೊಟ್ಟ ಚಿತ್ರಗಳು ಎಲ್ಲಿವೆ? ಆ ಬುಗುರಿ ಆಡುವ ಹುಡುಗ ಎಲ್ಲಿದ್ದಾನೆ? ಕೇಳಿದಾಗಲೆಲ್ಲ ‘ಹೋಗಲಿ ಬಿಡು’ ಎನ್ನುತ್ತೀಯ. ಹೋಗಬಾರದು ಶ್ರೀಧರ. ಅವು ಯಾವುದೋ ಕಚೇರಿಯ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಈ ಪತ್ರ ಓದುತ್ತಿರುವ ಸಂಪಾದಕರು ಯಾರಾದರೂ ಇದ್ದರೆ, ನಿಮ್ಮ ಕಪಾಟುಗಳನ್ನು ಒಮ್ಮೆ ತೆಗೆದು ನೋಡಿ.

ಚಿಹಿರೋ ಕೆಲಸ ಮಾಡುತ್ತಿದ್ದ ಕೋಣೆಯನ್ನು ಹಾಗೆಯೇ ಮರುಜೋಡಿಸಿ ಇಟ್ಟಿದ್ದಾರೆ. ಎಡಗೈಯಲ್ಲಿ ಚಿತ್ರ ಬರೆಯುತ್ತಿದ್ದ ಆಕೆಯ ಮೇಜು, ಕುಂಚಗಳು, ಬಣ್ಣಗಳು. 10 ತಿಂಗಳ ಮಗುವನ್ನೂ ಒಂದು ವರ್ಷದ ಮಗುವನ್ನೂ, ಎದುರಿಗೆ ಯಾವ ಮಗುವೂ ಇಲ್ಲದೆ, ಬೇರೆ ಬೇರೆ ಎಂದು ಕಾಣುವಂತೆ ಬರೆಯಬಲ್ಲವರಾಗಿದ್ದರು. ಈ ಕಲೆ ಆಕೆಗೆ ಸುಮ್ಮನೆ ಬಂದಿರಲಿಲ್ಲ. 1951ರಲ್ಲಿ ಮಗ ತಾಕೇಷಿ ಹುಟ್ಟಿದಾಗ ಮನೆಯಲ್ಲಿ ಬಡತನ. ಗಂಡ ವಕೀಲಿಕೆ ಪರೀಕ್ಷೆಗೆ ಓದುತ್ತಿದ್ದರು, ಸಂಸಾರ ನಡೆಯುತ್ತಿದ್ದದ್ದು ಆಕೆಯ ಕುಂಚದಿಂದ. ಎಳೆಗೂಸನ್ನು ನಾಗಾನೊ ಪ್ರಾಂತ್ಯದ ಹಳ್ಳಿಯಲ್ಲಿದ್ದ ತನ್ನ ತಂದೆತಾಯಿಯ ಬಳಿ ಬಿಟ್ಟರು. ಹಣ ಕೂಡಿದಾಗ ರೈಲು ಹತ್ತಿ ಹೋಗಿ, ಮಗುವನ್ನು ನೋಡಿ, ಅದರ ಚಿತ್ರ ಬರೆದುಕೊಂಡು ಬರುತ್ತಿದ್ದರು. ಮಲಗಿದ ಮಗು, ಬೋರಲು ಬಿದ್ದ ಮಗು, ಪಾದದ ಅಡಿ, ಹೆಕ್ಕತ್ತು, ನೆತ್ತಿ.

ನೆತ್ತಿಯ ಚಿತ್ರದ ಎದುರು ನನಗೆ ಕಾಲು ಕಿತ್ತಿಡಲಾಗಲಿಲ್ಲ. ನನ್ನ ಮಗಳ ನೆತ್ತಿ ಹೇಗಿದೆ ಎಂದು ನನಗೆ ಗೊತ್ತಿಲ್ಲ. ನಾಮಕರಣಕ್ಕೆ ಸಾಗರಕ್ಕೆ ಬಂದಿದ್ದಾಗ ತಲೆಯಲ್ಲಿ ಸರಿಯಾಗಿ ಕೂದಲೇ ಇರಲಿಲ್ಲ. ಆಮೇಲೆ ಅವಳನ್ನು ನೋಡಿದ್ದೆಲ್ಲ ಮೊಬೈಲಿನಲ್ಲಿ. ಮೊಬೈಲಿನಲ್ಲಿ ಮಗು ಯಾವಾಗಲೂ ಎದುರುಮುಖ. ಅತ್ತ ತಿರುಗಿದರೆ ಅಜ್ಜಿ ‘ಅಪ್ಪನ್ನ ನೋಡು, ಅಪ್ಪನ್ನ ನೋಡು’ ಎಂದು ಇತ್ತ ತಿರುಗಿಸುತ್ತಾರೆ. ಅವಳ ನಗು ಗೊತ್ತು, ಹಲ್ಲು ಎಷ್ಟು ಬಂದಿವೆ ಎಂದೂ ಗೊತ್ತು. ತಲೆಯಲ್ಲಿ ಸುಳಿ ಒಂದೋ ಎರಡೋ, ಗೊತ್ತಿಲ್ಲ. ನಡೆದು ದೂರ ಹೋಗುವಾಗ ಹಿಂದಿನಿಂದ ಹೇಗೆ ಕಾಣುತ್ತಾಳೆ, ಗೊತ್ತಿಲ್ಲ. ಮಗುವಿನ ಬೆನ್ನು ನೋಡುವುದು ಅದರ ಜೊತೆಗೆ ಇರುವವರಿಗೆ ಮಾತ್ರ ಸಿಗುವ ಭಾಗ್ಯ. ಚಿಹಿರೋ ದೂರ ಇದ್ದೂ ಅದನ್ನು ಗಳಿಸಿಕೊಂಡರು. ನಾನು ಪ್ರತಿ ರಾತ್ರಿ ಅವಳೊಡನೆ ಮಾತಾಡುತ್ತೇನೆ, ಎಲ್ಲ ಸರಿಯಿದೆ ಎಂದು ಅವಳ ಅಮ್ಮನಿಗೆ ಹೇಳುತ್ತೇನೆ. ಸರಿಯಿಲ್ಲ. ಸಂಬಳ ಬರುವ ದಿನ ಸಂತೋಷಪಡಲು ಪ್ರಯತ್ನಪಟ್ಟು ಸಂತೋಷಪಡುತ್ತಿದ್ದೇನೆ.

ಯುದ್ಧದಲ್ಲಿ ಸಿಕ್ಕ ಮಕ್ಕಳನ್ನು ಕುರಿತು, ವಿಯೆಟ್ನಾಂ ಹೊತ್ತಿ ಉರಿಯುತ್ತಿದ್ದಾಗ, 1973ರಲ್ಲಿ ಚಿಹಿರೋ ತಂದ ಕೊನೆಯ ಪುಸ್ತಕದ ಚಿತ್ರಗಳ ಬಗ್ಗೆ ಹೇಳಬೇಕೆಂದಿದ್ದೆ. 1945ರ ಮೇ ತಿಂಗಳ ವಾಯುದಾಳಿಯಲ್ಲಿ ಸ್ವಂತ ಮನೆಯನ್ನೇ ಕಳೆದುಕೊಂಡವರು ಆಕೆ. ಬೆಂಕಿಯ ನಡುವೆ ಮಗುವನ್ನು ಅವುಚಿಕೊಂಡ ಒಬ್ಬ ತಾಯಿಯ ಮುಖವಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಆಗುವುದಿಲ್ಲ.

ಇಷ್ಟು ಹೇಳಿಕೊಳ್ಳಬೇಕೆಂದು ಕೂತವನಲ್ಲ ನಾನು. ಇರಲಿ, ಬೇರೆ ಮಾತಾಡೋಣ. ಕಾಫಿಪುಡಿ ತಲುಪಿತು, ಜೊತೆಗೆ ಕಟ್ಟಿದ ಹಲಸಿನ ಹಪ್ಪಳದಲ್ಲಿ ಅರ್ಧ ಪುಡಿಯಾದರೂ ರುಚಿಗೆ ಮೋಸವಿಲ್ಲ. ಪಕ್ಕದ ಮನೆಯ ಅಜ್ಜಿಗೂ ಕೊಟ್ಟೆ, ಸಂಜೆಯೇ ಖಾಲಿ ತಟ್ಟೆಯ ಬದಲು ತಟ್ಟೆ ತುಂಬ ಕಿತ್ತಳೆ ಬಂತು. ನಮ್ಮ ಗೆಳೆಯರ ಸಂಘದ ಸದಸ್ಯತ್ವ ಅವರಿಗೆ ಕೊಡಬಹುದೆಂದು ನನ್ನ ಶಿಫಾರಸು.

ನಿನ್ನಿಂದ ಒಂದು ಕೆಲಸ ಆಗಬೇಕು. ಮುಂದಿನ ವಾರ ಸಂತೆಗೆಂದು ಸಾಗರಕ್ಕೆ ಹೋದಾಗ ನಮ್ಮ ಮನೆಗೆ ಹೋಗು. ಮಗಳು ಹಿತ್ತಲಲ್ಲಿ ಆಡುವಾಗ ಹಿಂದಿನಿಂದ ಅವಳದೊಂದು ಚಿತ್ರ ಬರೆ. ಫೋಟೋ ಬೇಡ, ನೀನು ಕೂತು ನೋಡಿ ಬರೆದದ್ದೇ ಬೇಕು. ಕೆಳಗೆ ತಾರೀಖು ಹಾಕು. ಸುಳಿ ಎರಡಿದ್ದರೆ ಅಜ್ಜಿಯ ಮುಂದೆ ಬಾಯಿಬಿಡಬೇಡ, ಈಗಲೇ ಜೋಯಿಸರ ಮನೆಗೆ ಹೊರಟುಬಿಡುತ್ತಾರೆ. ನನಗೆ ನಕಲು ಕಳಿಸಿದರೆ ಸಾಕು, ಮೂಲಚಿತ್ರ ನಿನ್ನ ಬಳಿಯೇ ಇರಲಿ, ನಾನು ಕೇಳಿದರೂ ಕೊಡಬೇಡ. ಹೋಗುವಾಗ ಪುಟ್ಟಬಾಳೆ ಹಣ್ಣು ಒಯ್ಯಿ, ಅದಿದ್ದರೆ ಸ್ವಲ್ಪ ಹೊತ್ತು ಒಂದೆಡೆ ಕೂರುತ್ತಾಳಂತೆ.

ನಿನ್ನ,
ರವಿ